ಕದಲದ ತಿರುಪಿಗೆ ತಕ್ಕ ಸಾಧನ

ಸಂಸಾರದ ನಡಿಗೆಗೆ ಅಡ್ಡ ಬರುವ ಸಂಗತಿಗಳೆಲ್ಲ ದೊಡ್ಡವಾಗಿಯೇ ಇರಬೇಕೆಂಬ ನಿಯಮವಿಲ್ಲ. ಹತ್ತು ಮಿಲಿಮೀಟರ್ ದಪ್ಪದ ಒಂದು ಬೋಲ್ಟ್ ಕದಲದೆ ನಿಂತರೆ ಬಾವಿಯ ಪಂಪು ಬಿಚ್ಚಲಾಗದು. ಪಂಪು ಬಿಚ್ಚದಿದ್ದರೆ ಗದ್ದೆಗೆ ನೀರಿಲ್ಲ. ನಾಟಿಯ ಹದ ಯಾರಿಗಾಗಿಯೂ ಕಾಯುವುದಿಲ್ಲ. ಅಜ್ಜನ ಕಾಲದ ತೇಗದ ಬಾಗಿಲ ಕೀಲು, ಮಗನ ಸೈಕಲ್ಲಿನ ಪೆಡಲು, ಹಿತ್ತಲಿನ ಮೋಟಾರು, ಹೊಲಿಗೆಯಂತ್ರದ ತಳದ ತಟ್ಟೆ, ಹೀಗೆ ಮನೆಯ ಪ್ರತಿಯೊಂದು ಮೂಲೆಯಲ್ಲೂ ತಿರುಪುಗಳಿವೆ. ಅವು ತಮ್ಮ ಪಾಡಿಗೆ ತಾವು ಹಿಡಿದು ನಿಂತಿರುವವರೆಗೆ ನಮ್ಮ ಗಮನಕ್ಕೆ ಬರುವುದಿಲ್ಲ. ಬಿಚ್ಚಬೇಕಾದ ದಿನ ಬಂದಾಗ ಮಾತ್ರ ಅವುಗಳ ಹಟ ಅರಿವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಮಾತುಂಟು. ಸಿಕ್ಕಿಕೊಂಡ ತಿರುಪಿನಿಂದ ಆಗುವ ನಷ್ಟ ಸ್ವಲ್ಪ; ಅದನ್ನು ತೆಗೆಯುವ ಅವಸರದಲ್ಲಿ ಆಗುವ ನಷ್ಟವೇ ಹೆಚ್ಚು. ಬೋಲ್ಟ್‌ನ ಬೆಲೆ ಕೆಲವೇ ರೂಪಾಯಿ. ಅದರ ಮೇಲೆ ಸಿಟ್ಟು ತೀರಿಸಿಕೊಳ್ಳಲು ಎತ್ತಿದ ಸುತ್ತಿಗೆ ಪಂಪಿನ ಎರಕದ ಕಬ್ಬಿಣದ ಕವಚಕ್ಕೆ ತಗುಲಿ ಬಿರುಕು ಬಿಟ್ಟರೆ ಖರ್ಚು ಸಾವಿರಗಳಿಗೆ ಏರುತ್ತದೆ. ಎರಕದ ಕಬ್ಬಿಣ ಭಾರವನ್ನು ಹೊರಬಲ್ಲುದು, ಪೆಟ್ಟನ್ನು ಸಹಿಸದು. ಚೂರು ಸಿಡಿದು ಕಣ್ಣಿಗೆ ಬಿದ್ದರಂತೂ ಆ ನಷ್ಟವನ್ನು ಯಾವ ಅಂಗಡಿಯಲ್ಲೂ ತುಂಬಿಕೊಡಲಾಗದು.

ಇತ್ತೀಚೆಗೆ ಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿಯೂ, ಮೊಬೈಲಿನಲ್ಲಿ ನೋಡಿ ತರಿಸಿಕೊಳ್ಳುವ ಮಳಿಗೆಗಳಲ್ಲಿಯೂ ‘ಸ್ಕ್ರೂ ಎಕ್ಸ್‌ಟ್ರಾಕ್ಟರ್’ ಎಂಬ ಸಾಧನಗಳ ಪೆಟ್ಟಿಗೆಗಳು ಧಾರಾಳವಾಗಿ ದೊರೆಯುತ್ತಿವೆ. ಎಂತಹ ಮುರಿದ ತಿರುಪನ್ನಾದರೂ ಕ್ಷಣಮಾತ್ರದಲ್ಲಿ ಹೊರತೆಗೆಯುವುದಾಗಿ ಅವುಗಳ ಚಿತ್ರಗಳು ಸಾರುತ್ತವೆ. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕೆಂಬುದು ಅನೇಕರ ಪ್ರಶ್ನೆ. ನಮ್ಮ ಉತ್ತರ ಇಷ್ಟೇ: ಕೊಳ್ಳುವ ಪ್ರಶ್ನೆ ಎರಡನೆಯದು, ತಿರುಪು ಏಕೆ ಬರುತ್ತಿಲ್ಲವೆಂಬ ಪ್ರಶ್ನೆ ಮೊದಲನೆಯದು. ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗೆ ಮುನ್ನ ನಿದಾನವುಂಟು. ರೋಗದ ಕಾರಣವನ್ನು ಅರಿಯದೆ ಕೊಟ್ಟ ಔಷಧ ರೋಗವನ್ನು ಬೆಳೆಸುತ್ತದೆ. ತಿರುಪಿನ ವಿಷಯದಲ್ಲಿಯೂ ಮೊದಲು ನಿದಾನ ಬೇಕು, ಆಮೇಲೆ ನಿಧಾನ ಬೇಕು.

ಮೊದಲು ನಿದಾನ

ಬರಲೊಲ್ಲದ ತಿರುಪುಗಳನ್ನು ನಾಲ್ಕು ವಿಧವಾಗಿ ವಿಂಗಡಿಸಬಹುದು. ಮೊದಲನೆಯದು, ನಿಜವಾಗಿ ಸಿಕ್ಕಿಕೊಂಡೇ ಇರದ ತಿರುಪು. ನಾವೇ ತಪ್ಪು ದಿಕ್ಕಿಗೆ ತಿರುಗಿಸುತ್ತಿರುತ್ತೇವೆ. ಸಾಮಾನ್ಯ ತಿರುಪು ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯುತ್ತದೆ, ಅದರ ವಿರುದ್ಧ ದಿಕ್ಕಿಗೆ ಸಡಿಲುತ್ತದೆ. ಆದರೆ ಸೈಕಲ್ಲಿನ ಎಡಗಡೆಯ ಪೆಡಲಿನದು ಎಡಸುತ್ತು. ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿ ಅದನ್ನು ಬಿಚ್ಚಬೇಕು. ಟೇಬಲ್ ಫ್ಯಾನಿನ ರೆಕ್ಕೆಯನ್ನು ಹಿಡಿದಿರುವ ಗುಬುಟಿನ ರೀತಿಯೂ ಸಾಮಾನ್ಯವಾಗಿ ಇದೇ. ತಿರುಗುವ ಭಾಗ ತನ್ನ ಓಟದಲ್ಲಿ ತಾನೇ ಸಡಿಲಗೊಳ್ಳಬಾರದೆಂಬುದೇ ಈ ಏರ್ಪಾಡಿನ ಉದ್ದೇಶ. ಇಂಥಲ್ಲಿ ಬಲ ಹಾಕಿದಷ್ಟೂ ಬಿಗಿಯುತ್ತ ಹೋಗುತ್ತದೆ. ಆದ್ದರಿಂದ ತಿರುಗುವ ಯಂತ್ರವಾದರೆ ಮೊದಲು ಸುತ್ತಿನ ದಿಕ್ಕನ್ನು ನೋಡಬೇಕು. ಬೋಲ್ಟ್‌ಗೆ ಅಡ್ಡಲಾಗಿ ಸ್ಪ್ಲಿಟ್ ಪಿನ್ ಇದೆಯೆ, ಅಂಚು ಮಡಚಿದ ವಾಷರ್ ಇದೆಯೆ ಎಂಬುದನ್ನೂ ಪರಿಶೀಲಿಸಬೇಕು.

ಎರಡನೆಯದು, ತಲೆ ಕೆಟ್ಟ ತಿರುಪು. ಮೈ ಸಡಿಲವಾಗಿಯೇ ಇರಬಹುದು. ತಲೆಯ ಗಾಡಿ ಸವೆದು ಅಥವಾ ಮೂಲೆಗಳು ಉರುಟಾಗಿ ಸಾಧನಕ್ಕೆ ಹಿಡಿತ ಸಿಗುತ್ತಿರುವುದಿಲ್ಲ. ಮೂರನೆಯದು, ತಲೆ ಚೆನ್ನಾಗಿದ್ದು ಮೈ ಕಚ್ಚಿಕೊಂಡಿರುವ ತಿರುಪು. ನಾಲ್ಕನೆಯದು ಮುರಿದ ತಿರುಪು. ಈ ಕೊನೆಯದರಲ್ಲಿ ಮತ್ತೆ ಎರಡು ಭೇದಗಳುಂಟು: ಅತಿಯಾಗಿ ಬಿಗಿದುದರಿಂದಲೋ, ಬಹುಕಾಲದ ಅದುರುವಿಕೆಯಿಂದ ದಣಿದೋ ಮುರಿದದ್ದು ಒಂದು; ತುಕ್ಕಿನಿಂದ ಕಚ್ಚಿಕೊಂಡಿದ್ದಾಗ ಬಿಚ್ಚಲು ಹೋಗಿ ಮುರಿದದ್ದು ಇನ್ನೊಂದು. ನೋಡಲು ಎರಡೂ ಒಂದೇ ಬಗೆಯ ಮೋಟು. ಚಿಕಿತ್ಸೆ ಮಾತ್ರ ಬೇರೆ ಬೇರೆ. ಈ ಒಂದು ವ್ಯತ್ಯಾಸವನ್ನು ಅರಿಯದುದರಿಂದಲೇ ಹೆಚ್ಚಿನ ಕೆಲಸಗಳು ಕೆಡುತ್ತವೆ.

ಕಚ್ಚಿಕೊಳ್ಳುವ ಕಾರಣಗಳೂ ಹಲವು. ಕಬ್ಬಿಣ ತುಕ್ಕಾದಾಗ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಬೇಡುತ್ತದೆ. ತಿರುಪಿನ ಸುತ್ತುಗಳ ನಡುವೆ ಅಷ್ಟು ಎಡೆಯಿಲ್ಲವಾದ್ದರಿಂದ ಅದು ಬೆಣೆಯಂತೆ ಬಿಗಿಯುತ್ತದೆ. ಅಲ್ಯೂಮಿನಿಯಂ ಕವಚದಲ್ಲಿ ಉಕ್ಕಿನ ಬೋಲ್ಟ್ ಇದ್ದು ತೇವ ತಾಗಿದರೆ ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿಯಾಗಿ ಸುತ್ತುಗಳಲ್ಲಿ ತುಂಬಿಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ನಟ್ಟು ಮತ್ತು ಬೋಲ್ಟು ಎಣ್ಣೆಯಿಲ್ಲದೆ ರಭಸದಿಂದ ಉಜ್ಜಿದಾಗ ತುಕ್ಕಿಲ್ಲದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇನ್ನು ಕೆಲವೆಡೆ ಕಾರ್ಖಾನೆಯವರೇ ಅಂಟು ಹಾಕಿರುತ್ತಾರೆ. ಗಾಳಿಯಿಲ್ಲದ ಎಡೆಯಲ್ಲಿ ಗಟ್ಟಿಯಾಗುವ ಈ ಬಗೆಯ ಅಂಟನ್ನು ವರ್ನನ್ ಕ್ರೀಬಲ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರು 1953ರಲ್ಲಿ ರೂಪಿಸಿದರು. ‘ಲಾಕ್‌ಟೈಟ್’ ಎಂಬ ಹೆಸರಿನಿಂದ ಅದು ಲೋಕಪ್ರಸಿದ್ಧವಾಗಿದೆ.

ರಾಜನೀತಿಯಲ್ಲಿ ಸಾಮ, ದಾನ, ಭೇದ, ದಂಡ ಎಂಬ ನಾಲ್ಕು ಉಪಾಯಗಳನ್ನು ಹೇಳಿದ್ದಾರೆ. ಮೊದಲನೆಯದು ಫಲಿಸದಿದ್ದರೆ ಎರಡನೆಯದು, ಅದೂ ಫಲಿಸದಿದ್ದರೆ ಮೂರನೆಯದು, ದಂಡ ಕೊನೆಯದು. ಸಾಧನಗಳ ಆಯ್ಕೆಗೆ ಇದಕ್ಕಿಂತ ಒಳ್ಳೆಯ ಕ್ರಮ ನಮಗೆ ತೋರದು. ಏಕೆಂದರೆ ಕೊನೆಯ ಸಾಧನವನ್ನು ಮೊದಲೇ ಬಳಸಿದರೆ ಹಿಂದಿನ ಮೂರರ ಬಾಗಿಲೂ ಮುಚ್ಚಿಹೋಗುತ್ತದೆ.

ಸಾಮ: ಸರಿಯಾದ ಹಿಡಿತ

ಸಾಮವೆಂದರೆ ತಲೆಗೆ ತಕ್ಕ ಸಾಧನ. ಒಂದೇ ಗೀರಿನ ಹಳೆಯ ತಿರುಪಿಗೆ ತಿರುಪುಳಿಯ, ಅಂದರೆ ಸ್ಕ್ರೂಡ್ರೈವರಿನ, ಬಾಯಿ ಗೀರಿನ ಪೂರ್ಣ ಉದ್ದಕ್ಕೂ ಕೂರಬೇಕು, ದಪ್ಪದಲ್ಲಿಯೂ ಹೊಂದಬೇಕು. ಕಿರಿದಾದ ತಿರುಪುಳಿ ಗೀರಿನ ಅಂಚನ್ನು ಮುರಿಯುತ್ತದೆ. ಬಣ್ಣ ತುಂಬಿದ ಗೀರನ್ನು ಮುರಿದ ಹ್ಯಾಕ್ಸಾ ಬ್ಲೇಡಿನ ತುದಿಯಿಂದ ಮೊದಲು ಕೆರೆದು ಸ್ವಚ್ಛಗೊಳಿಸಬೇಕು.

ನಾಲ್ಕು ಮೂಲೆಯ ಶಿಲುಬೆಯಾಕಾರದ ಗಾಡಿಯುಳ್ಳ ತಲೆಯನ್ನು ನಮ್ಮಲ್ಲಿ ‘ಸ್ಟಾರ್ ಸ್ಕ್ರೂ’ ಎನ್ನುವ ರೂಢಿಯಿದೆ. ಅದರ ನಿಜವಾದ ಹೆಸರು ಫಿಲಿಪ್ಸ್. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಹೆನ್ರಿ ಫಿಲಿಪ್ಸ್ ಅವರಿಗೆ 1936ರಲ್ಲಿ ಇದರ ಪೇಟೆಂಟುಗಳು ದೊರೆತವು. ಈ ಗಾಡಿಯ ಗೋಡೆಗಳು ಓರೆಯಾಗಿರುವುದರಿಂದ ಹೆಚ್ಚು ಬಲ ಬಿದ್ದಾಗ ತಿರುಪುಳಿ ಮೇಲಕ್ಕೆ ಜಾರಿ ಏಳುತ್ತದೆ. ಎರಡು ಮೂರು ಸಲ ಹೀಗೆ ಜಾರಿದರೆ ಗಾಡಿ ಉರುಟಾಗಿ ಕೆಲಸ ಕೆಡುತ್ತದೆ. ಇದರ ಸಾಧನಗಳಿಗೆ ಪಿಎಚ್ 1, ಪಿಎಚ್ 2, ಪಿಎಚ್ 3 ಎಂದು ಅಳತೆಗಳಿವೆ. ಮನೆಯಲ್ಲಿ ಹೆಚ್ಚಾಗಿ ಬೇಕಾಗುವುದು ಪಿಎಚ್ 2. ದೊಡ್ಡ ಗಾಡಿಗೆ ಚಿಕ್ಕ ತಿರುಪುಳಿ ಹಾಕುವುದೇ ನಮ್ಮ ಮನೆಗಳಲ್ಲಿ ತಿರುಪಿನ ತಲೆ ಕೆಡುವ ಮುಖ್ಯ ಕಾರಣ. ತಲೆಯ ಮೇಲೆ ನಾಲ್ಕು ಮೂಲೆಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೀರುಗಳು ಕಂಡರೆ ಅದು ಪೋಜಿಡ್ರೈವ್ ಎಂಬ ಬೇರೆ ಜಾತಿ. ಅದಕ್ಕೆ ಪಿಜೆಡ್ ಎಂಬ ಗುರುತಿನ ತಿರುಪುಳಿಯೇ ಬೇಕು. ಜಪಾನೀ ಮಾದರಿಯ ಮೋಟಾರ್ ಸೈಕಲ್ಲುಗಳ ಹಳೆಯ ತಿರುಪುಗಳೂ ನೋಡಲು ಫಿಲಿಪ್ಸ್‌ನಂತಿದ್ದರೂ ಗಾಡಿಯ ಆಕಾರದಲ್ಲಿ ತುಸು ಭಿನ್ನವಾದವು.

ಬಿಚ್ಚುವಾಗ ತಿರುಗಿಸುವ ಬಲಕ್ಕಿಂತ ಒತ್ತುವ ಬಲ ಹೆಚ್ಚಿರಬೇಕು. ಇಡೀ ಮೈಭಾರವನ್ನು ತಿರುಪುಳಿಯ ಮೇಲೆ ಹಾಕಿ ಮೆಲ್ಲನೆ ತಿರುಗಿಸಿರಿ. ತಲೆ ಸ್ವಲ್ಪವೇ ಕೆಟ್ಟಿದ್ದರೆ ಅಗಲವಾದ ರಬ್ಬರ್ ಬ್ಯಾಂಡಿನ ತುಂಡನ್ನು ನಡುವೆ ಇಟ್ಟು ಒತ್ತಿದರೆ ಒಮ್ಮೊಮ್ಮೆ ಹಿಡಿತ ಮರಳಿ ದೊರೆಯುತ್ತದೆ. ತಲೆ ಮೇಲೆದ್ದಿದ್ದರೆ ಹ್ಯಾಕ್ಸಾದಿಂದ ಹೊಸ ಗೀರನ್ನೇ ಕೊಯ್ಯಬಹುದು.

ಬೋಲ್ಟ್‌ಗಳಿಗೆ ಬೇಕಾದುದು ಸ್ಪ್ಯಾನರ್; ಉತ್ತರ ಕರ್ನಾಟಕದ ಗ್ಯಾರೇಜುಗಳಲ್ಲಿ ಇದನ್ನೇ ಪಾನಾ ಎನ್ನುತ್ತಾರೆ. ಬಾಯಿ ತೆರೆದ ಸ್ಪ್ಯಾನರ್ ಬೋಲ್ಟ್‌ನ ಎರಡೇ ಮುಖಗಳನ್ನು ಹಿಡಿಯುತ್ತದೆ. ರಿಂಗ್ ಸ್ಪ್ಯಾನರ್ ಸುತ್ತಲೂ ಹಿಡಿಯುತ್ತದೆ. ಒಳಗೆ ಹನ್ನೆರಡು ಮೂಲೆಗಳಿರುವ ರಿಂಗಿಗಿಂತ ಆರೇ ಮೂಲೆಗಳಿರುವ ಸಾಕೆಟ್ ಬಿಗಿಯಾದ ಬೋಲ್ಟ್‌ಗೆ ಉತ್ತಮ. ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಪ್ಯಾನರನ್ನು ಇಂಥ ಕಡೆ ಬಳಸಲೇಬಾರದು. ಅಳತೆಯ ವಿಷಯದಲ್ಲಿಯೂ ಎಚ್ಚರ ಬೇಕು. ಹಳೆಯ ಎಂಜಿನ್ನುಗಳಲ್ಲಿ ಇಂಚಿನ ಅಳತೆಯ ಬೋಲ್ಟ್‌ಗಳಿರುತ್ತವೆ. ಅರ್ಧ ಇಂಚೆಂದರೆ 12.7 ಮಿಲಿಮೀಟರ್, ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಆ ಅಲ್ಪ ಸಡಿಲವೇ ಮೂಲೆಗಳನ್ನು ಉರುಟು ಮಾಡಲು ಸಾಕು. ಮುಕ್ಕಾಲು ಇಂಚು 19.05 ಮಿಲಿಮೀಟರಾದ್ದರಿಂದ 19ರ ಸ್ಪ್ಯಾನರ್ ಅಲ್ಲಿ ನಡೆಯುತ್ತದೆ.

ದಾನ: ಎಣ್ಣೆ ಮತ್ತು ಕಾಲ

ಸಾಮ ಫಲಿಸದಿದ್ದಾಗ ದಾನ. ಮೊದಲು ತಂತಿಯ ಬ್ರಷ್ಷಿನಿಂದ ಮೇಲಿನ ತುಕ್ಕನ್ನೂ ಮಣ್ಣನ್ನೂ ತೆಗೆಯಬೇಕು. ಇಲ್ಲವಾದರೆ ಎಣ್ಣೆಯನ್ನು ಮಣ್ಣೇ ಕುಡಿಯುತ್ತದೆ. ಎಂಜಿನ್ ಆಯಿಲಿನಂಥ ಮಂದ ಎಣ್ಣೆ ಸುತ್ತುಗಳ ಒಳಗೆ ಇಳಿಯುವುದು ಕಷ್ಟ. ತೆಳುವಾದದ್ದು ಬೇಕು. ಡೀಸೆಲ್ ಅಥವಾ ಸೀಮೆಎಣ್ಣೆಗೆ ಸ್ವಲ್ಪ ಎಣ್ಣೆ ಬೆರೆಸಿ ಹಾಕುವುದು ಹಳ್ಳಿಯ ರೂಢಿ. ಅಂಗಡಿಯಲ್ಲಿ ದೊರೆಯುವ ‘ಪೆನಿಟ್ರೇಟಿಂಗ್ ಆಯಿಲ್’ ಇದೇ ಕೆಲಸಕ್ಕೆಂದು ಮಾಡಿದುದು. ಎಲ್ಲರಿಗೂ ಪರಿಚಿತವಾದ ಡಬ್ಲ್ಯೂಡಿ-40 ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1953ರಲ್ಲಿ ತಯಾರಾಯಿತು. ನೀರನ್ನು ತೊಲಗಿಸುವ ದ್ರವಕ್ಕಾಗಿ ನಡೆಸಿದ ನಲವತ್ತನೆಯ ಪ್ರಯತ್ನ ಫಲಿಸಿತೆಂಬುದೇ ಆ ಹೆಸರಿನ ಅರ್ಥ. ಅದರ ಮೂಲ ಉದ್ದೇಶ ತುಕ್ಕು ಬಾರದಂತೆ ಕಾಯುವುದು. ಹಗುರವಾಗಿ ಕಚ್ಚಿಕೊಂಡಲ್ಲಿ ಅದು ಉಪಯುಕ್ತ. ಹಲವು ವರ್ಷಗಳ ತುಕ್ಕಿಗೆ ಪೆನಿಟ್ರೇಟಿಂಗ್ ಆಯಿಲೇ ಮೇಲು.

ಎಣ್ಣೆ ಯಾವುದೇ ಇರಲಿ, ಅದರೊಡನೆ ಕೊಡಬೇಕಾದ ಇನ್ನೊಂದು ದಾನ ಕಾಲ. ಸಂಜೆ ಹಾಕಿ, ಮಲಗುವ ಮುನ್ನ ಮತ್ತೊಮ್ಮೆ ಹಾಕಿ, ಬೆಳಗ್ಗೆ ಪ್ರಯತ್ನಿಸಬೇಕು. ನಡುನಡುವೆ ಬೋಲ್ಟ್‌ನ ತಲೆಗೆ ಹಗುರವಾಗಿ ತಟ್ಟಿದರೆ ಆ ಅದುರುವಿಕೆಯಿಂದ ಎಣ್ಣೆ ಒಳಗಿಳಿಯುತ್ತದೆ. ಬಿಚ್ಚತೊಡಗಿದಾಗ ಮೊದಲು ಕೂದಲೆಳೆಯಷ್ಟು ಬಿಗಿದು, ತುಕ್ಕಿನ ಬಂಧ ಬಿಟ್ಟ ಮೇಲೆ ಸಡಿಲಿಸಬೇಕು. ಕಾಲು ಸುತ್ತು ಬಂದು ಮತ್ತೆ ನಿಂತರೆ ಹಿಂದಕ್ಕೆ ತಿರುಗಿಸಿ, ಎಣ್ಣೆ ಹಾಕಿ, ಮುಂದಕ್ಕೆ ತರಬೇಕು. ಹೀಗೆ ಮುಂದೆ ಹಿಂದೆ ಆಡಿಸುತ್ತ ತೆಗೆದ ಬೋಲ್ಟ್ ಮುರಿಯುವುದು ಅಪರೂಪ. ಅವಸರದಿಂದ ಒಂದೇ ಸಲಕ್ಕೆ ಎಳೆದ ಬೋಲ್ಟ್ ಅರ್ಧಕ್ಕೆ ಬಂದು ಅಲ್ಲಿಯೇ ತುಂಡಾಗುತ್ತದೆ.

ಭೇದ: ಪೆಟ್ಟು ಮತ್ತು ಕಾವು

ಎಣ್ಣೆಗೆ ಬಗ್ಗದ ಬಂಧವನ್ನು ಒಡೆಯುವ ಉಪಾಯಗಳು ಎರಡು. ಒಂದು ಪೆಟ್ಟು, ಇನ್ನೊಂದು ಕಾವು. ಪೆಟ್ಟಿಗಾಗಿ ಕೈಯಿಂದ ಬಳಸುವ ‘ಇಂಪ್ಯಾಕ್ಟ್ ಡ್ರೈವರ್’ ಎಂಬ ಸಾಧನವುಂಟು. ಹಿಡಿಯ ತಲೆಗೆ ಸುತ್ತಿಗೆಯಿಂದ ಹೊಡೆದಾಗ ಒಳಗಿನ ಓರೆಗಾಡಿ ಆ ಹೊಡೆತವನ್ನು ತಿರುಗುವ ಬಲವಾಗಿ ಮಾರ್ಪಡಿಸುತ್ತದೆ. ಒತ್ತುವುದೂ ತಿರುಗಿಸುವುದೂ ಒಂದೇ ಕ್ಷಣದಲ್ಲಿ ಆಗುವುದರಿಂದ ತಿರುಪುಳಿ ಜಾರುವುದಿಲ್ಲ. ಮೋಟಾರ್ ಸೈಕಲ್ಲಿನ ತಿರುಪುಗಳಿಗೂ, ದಪ್ಪ ಕಬ್ಬಿಣದಲ್ಲಿ ಕುಳಿತ ತಿರುಪುಗಳಿಗೂ ಇದು ಬಹಳ ಒಳ್ಳೆಯದು. ತೆಳುವಾದ ಎರಕದ ಕವಚದ ಮೇಲೆ, ಪ್ಲಾಸ್ಟಿಕ್ಕಿನ ಮೇಲೆ, ಮರದ ಬಾಗಿಲಿನ ಮೇಲೆ ಇದನ್ನು ಪ್ರಯೋಗಿಸಬಾರದು.

ಕಾವಿನ ಲೆಕ್ಕವನ್ನು ಸ್ವಲ್ಪ ನೋಡೋಣ. ಹತ್ತು ಮಿಲಿಮೀಟರ್ ಒಳವ್ಯಾಸದ ಉಕ್ಕಿನ ನಟ್ಟನ್ನು ಇನ್ನೂರು ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯಿಸಿದರೆ ಅದು ಹಿಗ್ಗುವುದು ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಪಾಲಿನಷ್ಟು ಮಾತ್ರ. ಕಣ್ಣಿಗೆ ಕಾಣದ ಈ ಹಿಗ್ಗುವಿಕೆ ತುಕ್ಕಿನ ಪದರವನ್ನು ಬಿರಿಯಿಸಲು ಸಾಕು. ಆದ್ದರಿಂದ ಕಾಯಿಸಬೇಕಾದುದು ನಟ್ಟನ್ನು, ಬೋಲ್ಟನ್ನಲ್ಲ. ಬೋಲ್ಟ್ ಅಲ್ಯೂಮಿನಿಯಂ ಕವಚದೊಳಗೆ ಇದ್ದರೆ ಸುತ್ತಲಿನ ಕವಚವನ್ನು ಮಿತವಾಗಿ ಕಾಯಿಸಬೇಕು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಗಟ್ಟಿ ಜಾತಿಯ ಕೆಂಪು ಅಂಟು ಹಾಕಿದ ಬೋಲ್ಟ್‌ಗೆ ಎಣ್ಣೆಯಿಂದ ಏನೂ ಆಗದು. ಸುಮಾರು 250 ಡಿಗ್ರಿ ಕಾವಿಗೆ ಅಂಟು ಮೆತ್ತಗಾಗುತ್ತದೆ, ಬಿಸಿಯಿರುವಾಗಲೇ ತಿರುಗಿಸಬೇಕು. ಕಾರಣವನ್ನು ಅರಿತರೆ ಸಾಧನ ತಾನಾಗಿ ತಿಳಿಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಕಾವಿನ ಅಪಾಯಗಳನ್ನು ಒತ್ತಿ ಹೇಳಬೇಕಾಗಿದೆ. ಸೀಮೆಎಣ್ಣೆಯನ್ನೋ ಸ್ಪ್ರೇಯನ್ನೋ ಹಾಕಿದ ಜಾಗಕ್ಕೆ ಬೆಂಕಿ ತೋರಬಾರದು. ಪೆಟ್ರೋಲ್ ಟ್ಯಾಂಕು, ರಬ್ಬರ್ ಸೀಲು, ಬೇರಿಂಗು, ವಿದ್ಯುತ್ ತಂತಿ ಇವುಗಳ ಸಮೀಪ ಜ್ವಾಲೆ ಸಲ್ಲದು. ಎರಕದ ಕಬ್ಬಿಣವನ್ನು ಒಂದೇ ಕಡೆ ಕೆಂಪಗೆ ಕಾಯಿಸಿದರೆ, ಅಥವಾ ಕಾದಾಗ ನೀರು ಸುರಿದರೆ ಅದು ಬಿರಿಯುತ್ತದೆ. ಸತುವಿನ ಲೇಪವಿರುವ ಬೋಲ್ಟ್‌ಗಳನ್ನು ಕೆಂಪಗೆ ಕಾಯಿಸಿದರೆ ಏಳುವ ಹೊಗೆ ಜ್ವರ ತರುತ್ತದೆ. ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಅಡುಗೆ ಅನಿಲದ ಸಿಲಿಂಡರು, ರೆಗ್ಯುಲೇಟರು, ಅದರ ಕೊಳವೆ ಇವುಗಳ ಯಾವ ಜೋಡಣೆಗೂ ಪೆಟ್ಟನ್ನಾಗಲಿ ಕಾವನ್ನಾಗಲಿ ಗೃಹಸ್ಥರು ಪ್ರಯೋಗಿಸಕೂಡದು. ವಿತರಕರ ಕಡೆಯ ಮೆಕ್ಯಾನಿಕ್ಕನ್ನೇ ಕರೆಸಬೇಕು.

ದಂಡ: ಕತ್ತರಿಸುವುದು, ಕೊರೆಯುವುದು

ಇನ್ನು ಕೊನೆಯ ಉಪಾಯ. ಇಲ್ಲಿಯೂ ತಾರತಮ್ಯವುಂಟು. ನಟ್ಟು ಬಾರದಿದ್ದಾಗ ಬೋಲ್ಟನ್ನು ಉಳಿಸುವ ಸಾಧನ ‘ನಟ್ ಸ್ಪ್ಲಿಟರ್’. ಅದು ನಟ್ಟಿನ ಒಂದು ಪಕ್ಕವನ್ನು ಸೀಳಿ ಬಿಡಿಸುತ್ತದೆ. ಬೋಲ್ಟ್ ಮುರಿದು ಮೋಟು ಹೊರಗೆ ಚಾಚಿಕೊಂಡಿದ್ದರೆ ಲಾಕಿಂಗ್ ಪ್ಲೈಯರ್ ಎಂಬ ಬೀಗ ಹಾಕುವ ಇಕ್ಕಳ ಸಾಕಾಗಬಹುದು. ಅಮೆರಿಕದ ನೆಬ್ರಾಸ್ಕಾದ ಡಿವಿಟ್ ಎಂಬ ಊರಿನ ಕಮ್ಮಾರ ವಿಲಿಯಂ ಪೀಟರ್ಸನ್ 1924ರಲ್ಲಿ ಈ ಬೀಗದ ಹಿಡಿಗೆ ಪೇಟೆಂಟ್ ಪಡೆದರು. ಕುಲುಮೆಯಲ್ಲಿ ದುಡಿಯುವವನಿಗೆ ಮೂರನೆಯ ಕೈಯ ಅವಶ್ಯಕತೆ ಎಷ್ಟೆಂಬುದು ಗೊತ್ತಿರುತ್ತದೆ. ಆ ಅನುಭವವೇ ಇಂದು ಗ್ಯಾರೇಜು ಗ್ಯಾರೇಜುಗಳಲ್ಲಿ ನೆಲೆಸಿದೆ.

ಮೋಟು ಮಟ್ಟಸವಾಗಿ ಅಥವಾ ಒಳಗೆ ಮುರಿದಿದ್ದಾಗ ಎಕ್ಸ್‌ಟ್ರಾಕ್ಟರಿನ ಮಾತು ಬರುತ್ತದೆ. ಮುರಿದ ಬೋಲ್ಟ್‌ನ ನಡುವೆ ರಂಧ್ರ ಕೊರೆದು, ಎಡಸುತ್ತಿನ ಮೊನಚು ಸಾಧನವನ್ನು ಅದರೊಳಗೆ ಬಿಗಿದು, ಹಾಗೆಯೇ ಎಡಕ್ಕೆ ತಿರುಗಿಸಿ ಹೊರತರುವುದು ಅದರ ಕ್ರಮ. ಆದರೆ ಒಂದು ಲೆಕ್ಕವನ್ನು ಎಲ್ಲರೂ ತಿಳಿದಿರಬೇಕು. ತಿರುಚುವ ಬಲವನ್ನು ತಡೆಯುವ ಸಾಮರ್ಥ್ಯ ದಪ್ಪದ ಘನದ ಪ್ರಮಾಣದಲ್ಲಿ ಏರಿಳಿಯುತ್ತದೆ. ದಪ್ಪ ಅರ್ಧವಾದರೆ ಸಾಮರ್ಥ್ಯ ಅರ್ಧವಲ್ಲ, ಎಂಟನೆಯ ಒಂದು ಪಾಲು. ಬೋಲ್ಟ್‌ನ ಒಳಗೆ ಹೋಗಬೇಕಾದ ಎಕ್ಸ್‌ಟ್ರಾಕ್ಟರ್ ಅದರ ಅರ್ಧದಷ್ಟು ದಪ್ಪವಿರುತ್ತದೆ. ಅದರ ಉಕ್ಕು ಬೋಲ್ಟ್‌ಗಿಂತ ಎರಡು ಮೂರು ಪಟ್ಟು ಗಟ್ಟಿಯಿದ್ದರೂ ಒಟ್ಟು ಸಾಮರ್ಥ್ಯ ಬೋಲ್ಟ್‌ನ ಅರ್ಧಕ್ಕೂ ಬಾರದು. ತುಕ್ಕಿನ ಹಿಡಿತಕ್ಕೆ ಇಡೀ ಬೋಲ್ಟೇ ಸೋತು ಮುರಿದಿರುವಾಗ ಈ ಎಳೆಯ ಸಾಧನ ಗೆಲ್ಲುವುದು ಹೇಗೆ? ಅದೂ ಮುರಿಯುತ್ತದೆ. ಮುರಿದ ಎಕ್ಸ್‌ಟ್ರಾಕ್ಟರ್ ಎಷ್ಟು ಗಡಸೆಂದರೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಗೀರನ್ನೂ ಮೂಡಿಸದು. ಒಂದು ಗಂಟೆಯ ಕೆಲಸ ಒಂದು ವಾರದ ಕೆಲಸವಾಗುವುದು ಹೀಗೆ.

ಹಾಗಾದರೆ ಎಕ್ಸ್‌ಟ್ರಾಕ್ಟರ್ ವ್ಯರ್ಥವೆ? ಅಲ್ಲ. ಅತಿಯಾಗಿ ಬಿಗಿದು ತಲೆ ಹಾರಿದ, ದಣಿದು ತುಂಡಾದ ಬೋಲ್ಟ್‌ನ ಉಳಿದ ಮೈ ಒಳಗೆ ಸಡಿಲವಾಗಿಯೇ ಇರುತ್ತದೆ. ಅಲ್ಲಿ ಅದು ತುಂಬ ಉಪಕಾರಿ. ಅಲ್ಲಿಯೂ ಮೊದಲು ಎಡಸುತ್ತಿನ ಡ್ರಿಲ್ ಬಿಟ್ಟಿನಿಂದ ರಂಧ್ರ ಕೊರೆದರೆ ಎಷ್ಟೋ ಸಲ ಕೊರೆಯುವಾಗಲೇ ಮೋಟು ತಿರುಗಿ ಹೊರಬರುತ್ತದೆ. ಹಿಮ್ಮುಖವಾಗಿ ತಿರುಗುವ ಡ್ರಿಲ್ ಯಂತ್ರ ಇದ್ದರೆ ಎಕ್ಸ್‌ಟ್ರಾಕ್ಟರಿಗಿಂತ ಮೊದಲು ಇವನ್ನು ಕೊಳ್ಳುವುದು ಜಾಣತನ. ಎಕ್ಸ್‌ಟ್ರಾಕ್ಟರ್ ಕೊಳ್ಳುವುದಾದರೆ ನೇರ ಗೀರುಗಳುಳ್ಳದ್ದು ಮೇಲು. ಸುರುಳಿ ಗೀರಿನದು ಬೆಣೆಯಂತೆ ಒಳಗಿಳಿಯುತ್ತ ಮೋಟನ್ನು ಹಿಗ್ಗಿಸಿ ಇನ್ನಷ್ಟು ಬಿಗಿಯುವ ಸಂಭವವಿದೆ.

ತುಕ್ಕಿನಿಂದಲೇ ಮುರಿದ ಬೋಲ್ಟ್‌ಗೆ ಎಂಟು ಮಿಲಿಮೀಟರ್ ಮತ್ತು ಅದಕ್ಕಿಂತ ಹೆಚ್ಚಿನ ದಪ್ಪದಲ್ಲಿ ಉತ್ತಮ ಚಿಕಿತ್ಸೆ ವೆಲ್ಡಿಂಗ್. ಮೋಟಿನ ಮೇಲೆ ಒಂದು ನಟ್ಟನ್ನು ಇಟ್ಟು, ಅದರ ರಂಧ್ರದೊಳಗಿನಿಂದ ಬೆಸೆದರೆ ಹೊಸ ತಲೆಯೂ ದೊರೆಯಿತು, ತುಕ್ಕನ್ನು ಒಡೆಯುವ ಕಾವೂ ಒಳಗೇ ತಲುಪಿತು. ಕೆಂಪು ಆರಿದ ಮೇಲೆ ಮೆಲ್ಲನೆ ಆಡಿಸಿ ತೆಗೆಯಬೇಕು. ಊರೂರಿನ ವೆಲ್ಡಿಂಗ್ ಅಂಗಡಿಯವರಿಗೆ ಈ ಕೆಲಸ ಕರಗತ. ಅವರು ಕೇಳುವ ಕೂಲಿ ಎಕ್ಸ್‌ಟ್ರಾಕ್ಟರ್ ಪೆಟ್ಟಿಗೆಯ ಬೆಲೆಯ ಸುಮಾರಿಗೇ ಇದ್ದರೂ ಅದು ಅನುಭವಕ್ಕೆ ಸಲ್ಲುವ ಹಣ. ಮೋಟಾರಾದರೆ ವಿದ್ಯುತ್ ಸಂಪರ್ಕವನ್ನೂ ವಾಹನವಾದರೆ ಬ್ಯಾಟರಿಯನ್ನೂ ಮೊದಲು ಬಿಡಿಸಿರಬೇಕು.

ಅದೂ ಸಾಧ್ಯವಾಗದಿದ್ದರೆ ಪೂರ್ತಿ ಕೊರೆದು ತೆಗೆಯುವುದು. ಮೋಟಿನ ಮುಖವನ್ನು ಅರದಿಂದ ಸಮಮಾಡಿ, ನಟ್ಟನಡುವೆ ಸೆಂಟರ್ ಪಂಚಿನಿಂದ ಗುರುತಿಟ್ಟು, 3 ಮಿಲಿಮೀಟರ್ ಬಿಟ್ಟಿನಿಂದ ಆರಂಭಿಸಿ ಹಂತಹಂತವಾಗಿ ಹಿಗ್ಗಿಸಬೇಕು. ವೇಗ ಕಡಿಮೆ, ಒತ್ತಡ ಹೆಚ್ಚು, ಎಣ್ಣೆ ಧಾರಾಳ. 6 ಮಿಲಿಮೀಟರ್ ಬೋಲ್ಟ್‌ಗೆ 5, 8ಕ್ಕೆ 6.8, 10ಕ್ಕೆ 8.5, 12ಕ್ಕೆ 10.2 ಮಿಲಿಮೀಟರ್ ಎಂಬುದು ಸಾಮಾನ್ಯ ಸುತ್ತಿಗೆ ಸಲ್ಲುವ ಕೊನೆಯ ರಂಧ್ರದ ಅಳತೆ. ಅಷ್ಟು ಕೊರೆದಾಗ ಬೋಲ್ಟ್‌ನ ಸುತ್ತುಗಳು ಮಾತ್ರ ತಂತಿಯಂತೆ ಉಳಿಯುತ್ತವೆ. ಅವನ್ನು ಮೊನೆಯಿಂದ ಕಿತ್ತು, ಟ್ಯಾಪ್ ಹಾಯಿಸಿದರೆ ಹಳೆಯ ಸುತ್ತೇ ಉಳಿದುಕೊಳ್ಳುತ್ತದೆ. ತಲೆಯ ಮೇಲೆ 8.8 ಎಂದು ಅಚ್ಚೊತ್ತಿದ ಬೋಲ್ಟ್ 4.6ರ ಬೋಲ್ಟ್‌ನ ಎರಡರಷ್ಟು ಬಲವುಳ್ಳದ್ದು. ಅದಕ್ಕೂ ಸ್ಟೇನ್‌ಲೆಸ್ ಸ್ಟೀಲಿಗೂ ಕೋಬಾಲ್ಟ್ ಬೆರೆಸಿದ ಬಿಟ್ಟು ಬೇಕಾಗುತ್ತದೆ. ರಂಧ್ರ ನಡುವಿನಿಂದ ಸರಿದು ಸುತ್ತು ಕೆಟ್ಟರೆ ತಂತಿಯ ಸುರುಳಿಯಂಥ ಹೊಸ ಸುತ್ತನ್ನು ಕೂಡಿಸುವ ವಿಧಾನವೂ ಇದೆ. ಲೇತಿನವರು ಅದನ್ನು ಮಾಡಿಕೊಡುತ್ತಾರೆ.

ಒಳಗೆ ಎಕ್ಸ್‌ಟ್ರಾಕ್ಟರೋ ಟ್ಯಾಪೋ ಮುರಿದು ಕುಳಿತಿದ್ದರೆ ಮನೆಯ ಉಪಾಯಗಳು ಅಲ್ಲಿಗೆ ಮುಗಿದವು. ವಿದ್ಯುತ್ ಕಿಡಿಯಿಂದ ಲೋಹವನ್ನು ಕಣಕಣವಾಗಿ ಕರಗಿಸುವ ‘ಸ್ಪಾರ್ಕ್ ಎರೋಷನ್’ ಯಂತ್ರಗಳಿವೆ. 1943ರಲ್ಲಿ ಸೋವಿಯತ್ ರಷ್ಯದ ಲಜರೆಂಕೊ ದಂಪತಿಗಳು ಈ ವಿಧಾನವನ್ನು ರೂಪಿಸಿದರು. ಲೋಹ ಎಷ್ಟೇ ಗಡಸಾಗಿರಲಿ, ಕಿಡಿಗೆ ಅದು ಲೆಕ್ಕವಿಲ್ಲ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಇಂಥ ಯಂತ್ರಗಳುಳ್ಳ ಕಾರ್ಯಾಗಾರಗಳಿವೆ. ಬೆಲೆಬಾಳುವ ಎಂಜಿನ್ ಭಾಗವಾದರೆ ಅಲ್ಲಿಗೆ ಒಯ್ಯುವುದು ಲೇಸು.

ಮರದಲ್ಲಿ ಕುಳಿತ ತಿರುಪು

ಹಳೆಯ ಮನೆಯ ಬಾಗಿಲು, ಪೆಟ್ಟಿಗೆ, ತೊಟ್ಟಿಲುಗಳ ತಿರುಪುಗಳಿಗೆ ಮೇಲಿನ ದಂಡೋಪಾಯಗಳು ಹೊಂದುವುದಿಲ್ಲ. ಇಲ್ಲಿ ಉಳಿಸಬೇಕಾದುದು ಮರ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ಕಾದ ತುದಿಯನ್ನು ಒಂದೆರಡು ನಿಮಿಷ ತಿರುಪಿನ ತಲೆಗೆ ಹಿಡಿದರೆ ಕಾವು ಮೈಯುದ್ದಕ್ಕೂ ಇಳಿದು ಸುತ್ತಲಿನ ಮರದ ಹಿಡಿತ ಸಡಿಲುತ್ತದೆ. ಆರಿದ ಮೇಲೆ ಕೊಂಚ ಬಿಗಿದು ಸಡಿಲಿಸಬೇಕು. ಹಿತ್ತಾಳೆಯ ತಿರುಪು ಮೆದುವಾದುದರಿಂದ ಅದರೊಡನೆ ಹೆಚ್ಚು ಸೈರಣೆ ಬೇಕು. ತಲೆ ತುಂಡಾದರೆ ಒಳಗೆ ಟೊಳ್ಳಾದ ಹಲ್ಲಿನ ಕೊಳವೆಯಿಂದ ತಿರುಪಿನ ಸುತ್ತಲೂ ಮರವನ್ನು ಕೊರೆದು, ತಿರುಪನ್ನು ತೆಗೆದು, ಅದೇ ಜಾತಿಯ ಮರದ ಗೂಟವನ್ನು ಅಂಟಿನಿಂದ ಕೂಡಿಸುವುದು ಬಡಿಗರ ಕ್ರಮ. ಮುರಿದ ತಿರುಪು ಯಾರಿಗೂ ತೊಂದರೆ ಕೊಡದಿದ್ದರೆ ಅದನ್ನು ಅಲ್ಲಿಯೇ ಬಿಟ್ಟು, ಒಂದು ಅಂಗುಲ ಆಚೆ ಹೊಸದನ್ನು ಹಾಕುವುದೂ ವಿವೇಕವೇ.

ಮನೆಯಲ್ಲಿ ಏನಿರಬೇಕು

ಸಾಮಾನ್ಯ ಕುಟುಂಬಕ್ಕೆ ಬೇಕಾದವು ಕೆಲವೇ. ಮೂರು ಅಳತೆಯ ಗೀರಿನ ತಿರುಪುಳಿಗಳು. ಪಿಎಚ್ 1 ಮತ್ತು ಪಿಎಚ್ 2. 8ರಿಂದ 19ರವರೆಗಿನ ರಿಂಗ್ ಸ್ಪ್ಯಾನರುಗಳು. ಒಂದು ಲಾಕಿಂಗ್ ಪ್ಲೈಯರ್. ತಂತಿ ಬ್ರಷ್, ಹ್ಯಾಕ್ಸಾ, ಪೆನಿಟ್ರೇಟಿಂಗ್ ಆಯಿಲ್. ಎಲ್ಲಕ್ಕೂ ಮೊದಲು ಕಣ್ಣನ್ನು ಕಾಯುವ ಕನ್ನಡಕ. ಒಕ್ಕಲುತನದ ಮನೆಯಾದರೆ ಇವುಗಳ ಜೊತೆಗೆ ಆರು ಮೂಲೆಯ ಸಾಕೆಟ್ಟುಗಳು, ಕೈ ಇಂಪ್ಯಾಕ್ಟ್ ಡ್ರೈವರ್, ಸೆಂಟರ್ ಪಂಚ್, ಒಳ್ಳೆಯ ಡ್ರಿಲ್ ಬಿಟ್ಟುಗಳು. ಎಕ್ಸ್‌ಟ್ರಾಕ್ಟರ್ ಪೆಟ್ಟಿಗೆ ಈ ಪಟ್ಟಿಯ ಕೊನೆಯಲ್ಲಿ ಬರಬಹುದು, ಬಾರದೆಯೂ ಇರಬಹುದು. ಅಗ್ಗದ ನೂರು ಸಾಧನಗಳ ಪೆಟ್ಟಿಗೆಗಿಂತ ಗಟ್ಟಿಯಾದ ಹತ್ತು ಸಾಧನಗಳು ಮೇಲು. ಮೆತ್ತನೆಯ ಉಕ್ಕಿನ ತಿರುಪುಳಿ ತಾನೂ ಕೆಡುತ್ತದೆ, ತಿರುಪನ್ನೂ ಕೆಡಿಸುತ್ತದೆ.

ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಅರಿತಿರಬೇಕು. ಕೊಳವೆಬಾವಿಯ ಬಾಯಲ್ಲಿ ಪೈಪನ್ನು ಹಿಡಿದಿರುವ ಕ್ಲ್ಯಾಂಪಿನ ಬೋಲ್ಟ್ ಸಿಕ್ಕಿಕೊಂಡಿದೆಯೆಂದು ಅದನ್ನು ಕತ್ತರಿಸಹೊರಟರೆ ಇಡೀ ಪೈಪಿನ ಸಾಲೂ ಮೋಟಾರೂ ಪಾತಾಳ ಸೇರುತ್ತವೆ. ಎರಡನೆಯ ಕ್ಲ್ಯಾಂಪ್ ಹಾಕದೆ ಮೊದಲನೆಯದನ್ನು ಮುಟ್ಟಬಾರದು. ವಾಹನದ ಬ್ರೇಕು ಮತ್ತು ಸ್ಟೀರಿಂಗಿನ ಬೋಲ್ಟ್‌ಗಳನ್ನು ಬಲ್ಲವರಿಗೇ ಬಿಡಬೇಕು. ಬೋಲ್ಟ್ ತಿರುಗುತ್ತಿಲ್ಲ, ಆದರೆ ಕೈಗೆ ರಬ್ಬರಿನಂತೆ ಮೆತ್ತಗೆ ಮಣಿಯುತ್ತಿದೆ ಎನಿಸಿದರೆ ಅದು ಮುರಿಯುವ ಮುನ್ಸೂಚನೆ. ಆ ಕ್ಷಣವೇ ಕೈ ತೆಗೆದು ಎಣ್ಣೆಗೋ ಕಾವಿಗೋ ಮರಳಬೇಕು. ಮುರಿಯದ ಬೋಲ್ಟನ್ನು ಮೆಕ್ಯಾನಿಕ್ಕಿನ ಬಳಿಗೆ ಒಯ್ದರೆ ಅವನ ಕೆಲಸ ಹಗುರ, ಕೂಲಿಯೂ ಹಗುರ. ನಾಲ್ಕು ಜನರ ಪ್ರಯೋಗಗಳಾದ ಮೇಲೆ ಒಯ್ದರೆ ಅವನ ಕೈಯಲ್ಲೂ ಉಪಾಯ ಉಳಿದಿರುವುದಿಲ್ಲ.

ಮರಳಿ ಕೂಡಿಸುವಾಗ

ಇಷ್ಟೆಲ್ಲ ಕಷ್ಟದ ಬೀಜ ಕೂಡಿಸಿದ ದಿನವೇ ಬಿದ್ದಿರುತ್ತದೆ. ಪಂಪಿನ ಬೋಲ್ಟ್‌ಗಳಿಗೆ ಹಾಕುವ ಮುನ್ನ ಸ್ವಲ್ಪ ಗ್ರೀಸ್ ಸವರಿದರೆ ಮುಂದಿನ ರಿಪೇರಿ ಸುಲಭ. ಕಾವು ತಾಗುವಲ್ಲಿ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ, ಅಲ್ಯೂಮಿನಿಯಂನಲ್ಲಿ ‘ಆಂಟಿ-ಸೀಜ್’ ಎಂಬ ಲೇಪ ಉತ್ತಮ. ಎಣ್ಣೆ ಸವರಿದ ಬೋಲ್ಟ್ ಅದೇ ಬಲಕ್ಕೆ ಹೆಚ್ಚು ಬಿಗಿಯುವುದರಿಂದ ಕೈ ಮಿತವಾಗಿರಬೇಕು. ವಾಹನದ ಚಕ್ರದ ನಟ್ಟುಗಳಿಗೆ ತಯಾರಕರು ಹೇಳದ ಹೊರತು ಎಣ್ಣೆ ಹಾಕಬಾರದು. ಮರಕ್ಕೆ ಹಿತ್ತಾಳೆಯ ತಿರುಪು ಹಾಕುವಾಗ ಮೊದಲು ಅದೇ ಅಳತೆಯ ಕಬ್ಬಿಣದ ತಿರುಪಿನಿಂದ ಸುತ್ತು ಮಾಡಿಕೊಂಡು, ಬಳಿಕ ಹಿತ್ತಾಳೆಯದಕ್ಕೆ ಮೇಣ ಸವರಿ ಕೂಡಿಸಬೇಕು. ಹಳೆಯ ಇಂಚಿನ ಬೋಲ್ಟ್ ಇದ್ದ ರಂಧ್ರಕ್ಕೆ ಹೊಂದೀತೆಂದು ಮಿಲಿಮೀಟರಿನದನ್ನು ತುರುಕಬಾರದು. 1841ರಲ್ಲಿ ಇಂಗ್ಲೆಂಡಿನ ವಿಟ್‌ವರ್ತ್ ನಿಗದಿಪಡಿಸಿದ ಸುತ್ತಿನ ಕೋನ 55 ಡಿಗ್ರಿ, ಇಂದಿನ ಮೆಟ್ರಿಕ್ ಸುತ್ತಿನದು 60 ಡಿಗ್ರಿ. ಬಲವಂತದ ಈ ಜೋಡಿ ಎರಡನ್ನೂ ಕೆಡಿಸುತ್ತದೆ.

ವಾಚಕ ಬಂಧುಗಳು ತಮ್ಮ ಮನೆಯ ಮಕ್ಕಳಿಗೆ ಸಾಧನಗಳ ಹೆಸರನ್ನು ಕಲಿಸುವುದರ ಜೊತೆಗೆ ಅವುಗಳ ಕ್ರಮವನ್ನೂ ಕಲಿಸಲಿ. ಈ ಸಲದ ಬೇಸಿಗೆಯಲ್ಲಿ, ಮಳೆಗೆ ಮುನ್ನವೇ, ಪಂಪಿನ ಬೋಲ್ಟ್‌ಗಳನ್ನು ಒಂದೊಂದಾಗಿ ಸಡಿಲಿಸಿ, ಗ್ರೀಸ್ ಸವರಿ ಮತ್ತೆ ಬಿಗಿದಿಡಲಿ. ಬಿಡುವಿನ ದಿನದ ಆ ಅರ್ಧ ಗಂಟೆಯ ಕೆಲಸ ನಾಟಿಯ ದಿನದ ಸಂಕಟವನ್ನು ತಪ್ಪಿಸುತ್ತದೆ.